ಯಾವ ಗುಂಡಿ ಒತ್ತಿದರೂ ಇಟಗಿಯೇ ಏಕೆ ತೆರೆಯುತ್ತದೆ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಪ್ರವಾಸಿ ತಾಣಗಳ ವೆಬ್ ಪುಟ ಮಾಡುತ್ತಿದ್ದೇನೆ. ಇಟಗಿ, ಕುಕನೂರು, ಆನೆಗುಂದಿ, ಕಿನ್ನಾಳ ಪ್ರತಿಯೊಂದಕ್ಕೂ ‘ವಿವರ’ ಎಂಬ ಗುಂಡಿ ಇದೆ. ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭ ಮಾಡುವ ಸಿದ್ಧ ಕೋಡಿನ ಸಂಗ್ರಹವಾದ ಜೆಕ್ವೆರಿ ಬಳಸಿದ್ದೇನೆ. ಕಿನ್ನಾಳದ ಗುಂಡಿ ಒತ್ತಿದರೂ ಇಟಗಿಯ ಮಹಾದೇವ ದೇವಾಲಯದ ವಿವರವೇ ತೆರೆಯುತ್ತದೆ. ತಪ್ಪೆಲ್ಲಿ?

ಉತ್ತರ: ನಾಲ್ಕೂ ವಿವರಗಳಿಗೆ ಒಂದೇ ಐಡಿ ಕೊಟ್ಟಿದ್ದೀರಿ, ಪಣ ಬೇಕಾದರೂ ಕಟ್ಟುತ್ತೇನೆ. ಒಂದನ್ನು ಬರೆದು ಉಳಿದ ಮೂರಕ್ಕೆ ನಕಲು ಅಂಟಿಸುವಾಗ ನಾನೂ ಎಷ್ಟೋ ಸಲ ಇಲ್ಲೇ ಎಡವಿದ್ದೇನೆ. ಐಡಿ ಎಂದರೆ ಇಡೀ ಪುಟದಲ್ಲಿ ಒಂದಕ್ಕೇ ಮೀಸಲಾದ ಹೆಸರು. ಜೆಕ್ವೆರಿ ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಮರಳುತ್ತದೆ, ಮುಂದಿನವುಗಳತ್ತ ತಿರುಗಿಯೂ ನೋಡುವುದಿಲ್ಲ.

ಐಡಿ ತೆಗೆದು, ಹಲವಕ್ಕೆ ಒಟ್ಟಿಗೆ ಕೊಡಬಹುದಾದ ಹೆಸರಾದ ‘ಕ್ಲಾಸ್’ ಹಾಕಿದರೆ ಇನ್ನೊಂದು ಫಜೀತಿ: ನಾಲ್ಕೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಂಜನಾದ್ರಿಯ ಸುತ್ತಲಿನ ಯಾವುದಾದರೂ ಜಾತ್ರೆಯಲ್ಲಿ ನಿಂತು ‘ಹನುಮಂತಪ್ಪಾ’ ಎಂದು ಕೂಗಿ ನೋಡಿ, ಅರ್ಧ ಜಾತ್ರೆ ತಿರುಗುತ್ತದೆ. ಹೆಸರು ಸಾಲದು, ಯಾರ ಮನೆಯವನು ಎಂಬುದೂ ಬೇಕು.

ಕೋಡಿನಲ್ಲಿ ಆ ಮನೆಯನ್ನು ಹುಡುಕುವುದು ಒತ್ತಿದ ಗುಂಡಿಯಿಂದ, ಅಂದರೆ ‘ದಿಸ್’ನಿಂದ. ಅಲ್ಲಿಂದ ‘ಕ್ಲೋಸೆಸ್ಟ್’ ಮೇಲಕ್ಕೆ ಹತ್ತಿ ಆ ತಾಣದ ಪೆಟ್ಟಿಗೆಯನ್ನು ಹಿಡಿಯುತ್ತದೆ. ‘ಫೈಂಡ್’ ಆ ಪೆಟ್ಟಿಗೆಯೊಳಗೆ ಮಾತ್ರ ಇಳಿದು ವಿವರವನ್ನು ಹೆಕ್ಕುತ್ತದೆ. ಕೊನೆಯಲ್ಲಿ ‘ಟಾಗಲ್’: ಮುಚ್ಚಿದ್ದರೆ ತೆರೆಯುತ್ತದೆ, ತೆರೆದಿದ್ದರೆ ಮುಚ್ಚುತ್ತದೆ. ಒಂದು ಎಚ್ಚರಿಕೆ: ಬಾಣದ ಗುರುತಿನ ಹೊಸ ಮಾದರಿಯ ಫಂಕ್ಷನ್ ಬರೆದರೆ ಅದರೊಳಗಿನ ‘ದಿಸ್’ ಗುಂಡಿಯಾಗಿ ಉಳಿಯುವುದಿಲ್ಲ. ಹಳೆಯ ರೀತಿಯ ಫಂಕ್ಷನ್ ಪದವನ್ನೇ ಬಳಸಿ.

ಆರಂಭದಲ್ಲಿ ವಿವರಗಳನ್ನು ಮುಚ್ಚಿಡಲು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ‘ಡಿಸ್‌ಪ್ಲೇ ನನ್’ ಬರೆಯಿರಿ. ‘ವಿಸಿಬಿಲಿಟಿ ಹಿಡನ್’ ಬರೆದರೆ ಟಾಗಲ್ ಎಷ್ಟು ಬಡಿದರೂ ಅಕ್ಷರ ಕಾಣುವುದಿಲ್ಲ, ಏಕೆಂದರೆ ಅದು ಮುಟ್ಟುವುದು ಡಿಸ್‌ಪ್ಲೇಯನ್ನು ಮಾತ್ರ. ನಯವಾಗಿ ಜಾರಿ ತೆರೆಯಬೇಕೆಂದರೆ ‘ಸ್ಲೈಡ್‌ಟಾಗಲ್’ ಇದೆ, ಸುಮ್ಮನೆ ಬಿಟ್ಟರೆ 400 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅವಸರದವರು ಗುಂಡಿಯನ್ನು ಐದಾರು ಸಲ ಒತ್ತಿದರೆ ಅಷ್ಟೂ ಚಲನೆಗಳು ಸರತಿಯಲ್ಲಿ ನಿಂತು ಪೆಟ್ಟಿಗೆ ಉಯ್ಯಾಲೆಯಾಡುತ್ತದೆ. ಸ್ಲೈಡ್‌ಟಾಗಲ್‌ಗಿಂತ ಮೊದಲು ಒಂದು ‘ಸ್ಟಾಪ್’ ಸೇರಿಸಿ, ಆವರಣದೊಳಗೆ ‘ಟ್ರೂ’ ಎಂದು ಎರಡು ಸಲ ಬರೆಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಧಿಕಪ್ರಸಂಗ. ಜೆಕ್ವೆರಿ ಬಂದದ್ದು 2006ರಲ್ಲಿ. ಈಗ ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ‘ಡೀಟೇಲ್ಸ್’, ‘ಸಮರಿ’ ಎಂಬ ಟ್ಯಾಗ್‌ಗಳಿವೆ. ಒಂದು ಸಾಲು ಜಾವಾಸ್ಕ್ರಿಪ್ಟ್ ಇಲ್ಲದೆ ತೆರೆದು ಮುಚ್ಚುತ್ತವೆ. ನಾಲ್ಕು ಊರುಗಳ ಪುಟಕ್ಕೆ ನಾನಾದರೆ ಅವನ್ನೇ ಬಳಸುತ್ತಿದ್ದೆ.