ಅಕ್ಕಿ ಮೂಟೆಯ ಪಕ್ಕದ ಪ್ರಾರ್ಥನೆ

ನಮ್ಮ ಚರ್ಚಿನ ಸಭೆಯವರ ಮನೆಗೆ ಹೋದಾಗ ನಾನು ತಪ್ಪದೆ ಕೇಳುವ ಮಾತೊಂದಿದೆ: "ನೀವೊಬ್ಬರೇ ಕೂತು ಪ್ರಾರ್ಥನೆ ಮಾಡಿ ಎಷ್ಟು ದಿನ ಆಯ್ತು?" ಹೆಚ್ಚಿನವರು ಕುಟುಂಬ ಪ್ರಾರ್ಥನೆಯ ಲೆಕ್ಕ ಕೊಡುತ್ತಾರೆ. ರಾತ್ರಿ ಊಟಕ್ಕೆ ಮುಂಚೆ ಒಂದು ಹಾಡು, ಒಂದು ವಾಕ್ಯಭಾಗ, ಕರ್ತನ ಪ್ರಾರ್ಥನೆ. ಒಳ್ಳೆಯದೇ. ಆದರೆ ನಾನು ಕೇಳಿದ್ದು ಅದಲ್ಲ.

ಒಬ್ಬ ತಾಯಿ ಮಾತ್ರ ನೇರವಾಗಿ ಹೇಳಿದರು. "ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಅಂತ ನೀವು ಸುಮ್ನೆ ಓದಿಬಿಡ್ತೀರಿ ಪಾಸ್ಟರೇ. ಎರಡು ಕೋಣೆ, ಆರು ಜನ. ನಮ್ಮನೇಲಿ ಬಾಗಿಲು ಮುಚ್ಚೋದು ಬಚ್ಚಲಲ್ಲಿ ಮಾತ್ರ."

ನಕ್ಕು ಬಂದೆ. ಮನೆಗೆ ಬಂದು ಬೈಬಲಿನಲ್ಲಿ ಯೇಸುಸ್ವಾಮಿಯ ಆ ಮಾತಿರುವ ಮತ್ತಾಯ 6:6 ತೆಗೆದೆ. 'ಕೋಣೆ' ಅಂತ ನಾವು ಓದುವ ಕಡೆ ಗ್ರೀಕಿನಲ್ಲಿರುವ ಪದ 'ತಮೆಯೋನ್'. ಉಗ್ರಾಣ, ಸಾಮಾನು ಇಡುವ ಒಳಕೋಣೆ ಅಂತ ಅರ್ಥ. ಕಾಗೆಗಳಿಗೆ ಉಗ್ರಾಣವಿಲ್ಲ ಅನ್ನುವ ಲೂಕ 12:24ರಲ್ಲೂ ಇದೇ ಪದ. ಗಲಿಲಾಯದ ಬಡವರಿಗೆ ಆಳಿಗೊಂದು ಬೆಡ್‌ರೂಮು ಎಲ್ಲಿಂದ ಬರಬೇಕು? ಕಾಳು, ಎಣ್ಣೆ ಇಡುವ ಕತ್ತಲೆ ಮೂಲೆ ಇದ್ದರೆ ಅದೇ ಹೆಚ್ಚು. ಹಿಂದಿನ ವಚನದಲ್ಲಿ ಬೀದಿ ಚೌಕದಲ್ಲಿ ನಿಂತು ಪ್ರಾರ್ಥಿಸುವವರ ಮಾತಿದೆ. ಅವರಿಗೆ ನೋಡುವ ಜನ ಬೇಕು. ಇಲ್ಲಿ ನೋಡುವವರೇ ಇಲ್ಲ.

ಈ ಮಾತು ನಮ್ಮಂಥ ಪಾಸ್ಟರುಗಳಿಗೇ ಜಾಸ್ತಿ ತಾಗುತ್ತದೆ. ಜನರೆದುರು ಪ್ರಾರ್ಥಿಸಿ ಪ್ರಾರ್ಥಿಸಿ ನಾಲಿಗೆ ಪಳಗಿರುತ್ತದೆ. ಮದುವೆಗೊಂದು ಧಾಟಿ, ಮಣ್ಣಿಗೊಂದು ಧಾಟಿ. ಒಂದು ಕಾಲದಲ್ಲಿ ನಾನೊಬ್ಬನೇ ಕೂತಾಗಲೂ ಬಾಯಿಗೆ ಅದೇ ಬರುತ್ತಿತ್ತು: "ತಂದೆಯೇ, ಇಲ್ಲಿ ಕೂಡಿಬಂದಿರುವ ನಿನ್ನ ಮಕ್ಕಳನ್ನು..." ಕೂಡಿಬಂದವರು ಯಾರು? ರೂಮಿನಲ್ಲಿದ್ದದ್ದು ನಾನು, ಒಂದು ಫ್ಯಾನು.

ಆಗ ಕೈ ಹಿಡಿದದ್ದು ಬೈಬಲಿನ ಕೀರ್ತನೆಗಳು. 13ನೆಯದು 'ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ' ಅಂತ ದೇವರನ್ನೇ ಕೇಳುತ್ತದೆ. 88ನೆಯದು ಮುಗಿಯುವುದೇ ಕತ್ತಲೆಯಲ್ಲಿ. ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಭಾನುವಾರ ಎದ್ದುನಿಂತು ಯಾರಾದರೂ ಹೀಗೆ ಪ್ರಾರ್ಥಿಸಿದರೆ ಸಭೆ ಗಾಬರಿಯಾಗುತ್ತದೆ, ಅಲ್ವಾ? ಸಾಲ, ಗಂಡನ ಮೇಲಿನ ಸಿಟ್ಟು, ಮೈದುನನ ಮೇಲಿನ ಹೊಟ್ಟೆಕಿಚ್ಚು, ಇವಕ್ಕೆಲ್ಲ ಉಗ್ರಾಣವೇ ಸರಿ.

ಟೈಮಿಲ್ಲ ಅನ್ನುವವರಿಗೆ ನಾನು ಮಾರ್ಕ 1ನೇ ಅಧ್ಯಾಯ ತೋರಿಸುತ್ತೇನೆ. ಕಪೆರ್ನೌಮ್ ಊರಿನಲ್ಲಿ ಸಂಜೆ ಯೇಸುಸ್ವಾಮಿ ಇದ್ದ ಮನೆ ಬಾಗಿಲಿಗೆ ಇಡೀ ಊರೇ ರೋಗಿಗಳನ್ನು ಕರೆದುಕೊಂಡು ಬಂದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಅವರು ಎದ್ದು ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ಹುಡುಕುತ್ತಿದ್ದಾರೆ ಅಂತ ಶಿಷ್ಯ ಸೀಮೋನ ಬಂದರೆ, ಬೇರೆ ಊರುಗಳಿಗೆ ಹೋಗೋಣ ಅಂದರು. ಅಷ್ಟು ಜನ ಕರೆಯುವಾಗ ಇಲ್ಲ ಅನ್ನುವ ಗಟ್ಟಿತನ ಆ ಕತ್ತಲಲ್ಲೇ ಬಂತು ಅಂತ ನನಗನ್ನಿಸುತ್ತದೆ.

ಶುರುವಿಗೆ ಹತ್ತು ನಿಮಿಷ ಸಾಕು. ಬೈಬಲ್ ಆ್ಯಪ್ ಅದರಲ್ಲೇ ಇದ್ದರೂ ಮೊಬೈಲ್ ಹೊರಗಿರಲಿ. ಮನಸ್ಸು ಮಗನ ಫೀಸಿನ ಕಡೆ ಓಡಿದರೆ ಎಳೆದು ತರಬೇಡಿ. ಆ ಫೀಸಿನ ಮಾತನ್ನೇ ಆಡಿ.

ತಿಂಗಳು ಬಿಟ್ಟು ಆ ತಾಯಿಯ ಮನೆಗೆ ಮತ್ತೆ ಹೋದೆ. ಅಡುಗೆಮನೆ ಮೂಲೆಯಲ್ಲಿ ಅಕ್ಕಿ ಮೂಟೆ, ಪಕ್ಕದಲ್ಲಿ ಮಡಚಿಟ್ಟ ಗೋಣಿಚೀಲ. "ನಲ್ಲೀಲಿ ನೀರು ಬರೋಕೆ ಮುಂಚೆ ಇಲ್ಲೇ ಕೂತ್ಕೋತೀನಿ. ನಿನ್ನೆ ಬರೀ ಅತ್ತುಬಿಟ್ಟೆ, ಒಂದು ಮಾತೂ ಬರಲಿಲ್ಲ. ಪರವಾಗಿಲ್ವಾ?"

ಬೈಬಲಿನಲ್ಲಿ ಮಗುವಿಲ್ಲದ ದುಃಖಕ್ಕೆ ಅತ್ತು ಪ್ರಾರ್ಥಿಸಿದ ಹನ್ನಳ ಕಥೆ ಹೇಳಿದೆ. ತುಟಿ ಮಾತ್ರ ಅಲುಗುತ್ತಿತ್ತು, ದನಿ ಇರಲಿಲ್ಲ. ಕುಡಿದು ಬಂದಿದ್ದಾಳೆ ಅಂದುಕೊಂಡ ಯಾಜಕ ಏಲಿ.

"ಹಂಗಾದ್ರೆ ಅಯ್ಯನೋರಿಗೂ ಗೊತ್ತಾಗಲ್ಲ ಅನ್ನಿ" ಅಂತ ನಕ್ಕು ಕಾಫಿಗಿಟ್ಟರು.