ಸಮುದ್ರ ಸವೆದು ಸಂದ್ರವಾದ ಬಗೆ

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಕೇಳಿದರೆ ಬೆಂದ ಕಾಳಿನ ಕಥೆ ಬರುತ್ತದೆ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ. ಹಸಿದವನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು. ಊರು ಬೆಂದಕಾಳೂರಾಯಿತು. ಕೇಳಲು ಚೆಂದ, ಅಲ್ವಾ? ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನು ಹುಟ್ಟುವ ಎಷ್ಟೋ ಮೊದಲೇ ಊರಿಗೆ ಈ ಹೆಸರಿತ್ತು.

ಹಾಗಾಗಿ ಹೆಸರಿನ ಬೇರು ಹುಡುಕುವವರು ಮೊದಲು ಅದರ ಹಳೆಯ ರೂಪ ನೋಡಬೇಕು. ಆಡುತ್ತ ಆಡುತ್ತ ಮಾತು ಸವೆಯುತ್ತದೆ. ಹಳಗನ್ನಡದ 'ಪ' ಮುಂದೆ 'ಹ' ಆಯಿತು. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಆಮೇಲೆ ಇಂಗ್ಲಿಷರ ಬರವಣಿಗೆ ಬಂತು. ಹೊಸಪೇಟೆ 'ಹಾಸ್ಪೆಟ್' ಆದಾಗ ಹೊಸದೂ ಉಳಿಯಲಿಲ್ಲ, ಪೇಟೆಯೂ ಉಳಿಯಲಿಲ್ಲ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾಯಿತು. ಹೆಚ್ಚಿನವುಗಳಲ್ಲಿ ತಿದ್ದಿದ್ದು ಇಂಗ್ಲಿಷ್ ಕಾಗುಣಿತವನ್ನು ಮಾತ್ರ. ಕನ್ನಡದ ಬಾಯಲ್ಲಿ ಅವು ಮೊದಲಿಂದಲೂ ಹಾಗೇ ಇದ್ದವು.

ಹೀಗೆ ಸವೆದ ಪದಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು 'ಸಂದ್ರ'. ಬೆಂಗಳೂರಿನ ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರ ನೋಡಿ. ಈ ಸಂದ್ರದ ಮೂಲ ಸಮುದ್ರ. ಕಡಲಿಲ್ಲದ ನಾಡಿನಲ್ಲಿ ಸಮುದ್ರ ಎಲ್ಲಿಂದ ಬಂತು? ಅದು ಕೆರೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಕಡೆ ತಗ್ಗಿಗೆ ಅಡ್ಡಲಾಗಿ ಏರಿ ಕಟ್ಟಿ ಮಳೆನೀರು ನಿಲ್ಲಿಸುತ್ತಿದ್ದರು. ಕುಡಿಯಲು, ಗದ್ದೆಗೆ, ದನಕ್ಕೆ ಎಲ್ಲಕ್ಕೂ ಅದೇ ನೀರು. ಅದನ್ನು ಕಟ್ಟಿಸಿದವರು ಸಮುದ್ರ ಎಂದು ಕರೆದದ್ದರಲ್ಲಿ ನನಗೆ ಜಂಬ ಕಾಣುವುದಿಲ್ಲ, ಆಸೆ ಕಾಣುತ್ತದೆ. ಹೊಯ್ಸಳರ ರಾಜಧಾನಿಯ ಹೆಸರೂ ದೋರಸಮುದ್ರ. ಅಲ್ಲಿನ ದೊಡ್ಡ ಕೆರೆಯಿಂದ ಬಂದದ್ದು. 1311ರಲ್ಲಿ ದೆಹಲಿಯ ಸೈನ್ಯ ದಾಳಿ ಮಾಡಿತು, ಕೆಲವೇ ದಶಕಗಳಲ್ಲಿ ಪಟ್ಟಣ ಹಾಳಾಯಿತು. ಉಳಿದದ್ದು ಹಳೆಯ ಬೀಡು. ಅದೇ ಹಳೇಬೀಡು.

ಬೆಂಗಳೂರಿನ ನಡುವೆಯೂ ಇಂಥದ್ದೊಂದು ಇತ್ತು, ಧರ್ಮಾಂಬುಧಿ. ಅಂಬುಧಿ ಅಂದರೂ ಸಮುದ್ರವೇ. ಆ ಕೆರೆಯ ಜಾಗದಲ್ಲೇ ಈಗ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಹೆಸರು ಮಾತ್ರ ಪಕ್ಕದ ಸಂಪಂಗಿರಾಮನಗರದಲ್ಲಿ ಉಳಿದಿದೆ. ಒಂದು ಬಡಾವಣೆಗೆ ಹೊಸ ಹೆಸರು ಇಡುವಾಗ ಹಳೆಯದನ್ನು ಸುಮ್ನೆ ಅಳಿಸಬೇಡಿ ಅಂತ ನಾನು ಕೇಳಿಕೊಳ್ಳುವುದು ಇದಕ್ಕೇ. ನೀರು ಎಲ್ಲಿ ನಿಂತಿತ್ತು ಅಂತ ಆ ಹೆಸರು ಹೇಳುತ್ತಿರುತ್ತದೆ. ಮೆಜೆಸ್ಟಿಕ್ ಹತ್ತಿರದ ಒಂದು ರಸ್ತೆಯನ್ನು ಜನ ಇವತ್ತಿಗೂ ಟ್ಯಾಂಕ್ ಬಂಡ್ ರಸ್ತೆ ಅನ್ನುತ್ತಾರೆ. ಅಂದರೆ ಕೆರೆ ಏರಿಯ ರಸ್ತೆ.