ನ್ಯಾರೋಬೋಟ್ ನಡೆಸುವಾಗ ಹಿಂಭಾಗ ಯಾಕೆ ಗುದ್ದುತ್ತದೆ?

ಪ್ರಶ್ನೆ: ಇಂಗ್ಲೆಂಡಿನ ಕಾಲುವೆಯಲ್ಲಿ ರಜೆಗೆ ನ್ಯಾರೋಬೋಟ್ (ಕಾಲುವೆಯಲ್ಲಿ ಓಡಾಡುವ ಉದ್ದನೆಯ, ಕಿರಿದಾದ ದೋಣಿ) ಬಾಡಿಗೆಗೆ ಹಿಡಿಯುತ್ತಿದ್ದೇವೆ. ಟಿಲ್ಲರ್ (ನೀರಿನೊಳಗಿನ ಚುಕ್ಕಾಣಿ ಹಲಗೆಯನ್ನು ತಿರುಗಿಸುವ, ಹಿಂಭಾಗದ ಹಿಡಿಕೋಲು) ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೊರಳುತ್ತದೆ ಅನ್ನುವುದು ಗೊತ್ತು. ಆದರೂ ಹೊಸಬರು ಸೇತುವೆಗೆ, ದಡಕ್ಕೆ ಗುದ್ದುವುದು ಯಾಕೆ?

ಉತ್ತರ: ಟಿಲ್ಲರಿನ ಎಡ-ಬಲ ಬೇಗ ಕೈಗೆ ಹತ್ತುತ್ತದೆ. ತೊಂದರೆ ಕೊಡುವುದು ದೋಣಿಯ ಹಿಂಭಾಗ. ಕಾರಿನಲ್ಲಿ ಮುಂದಿನ ಚಕ್ರದ ಹಿಂದೆಯೇ ಹಿಂದಿನದೂ ಬರುತ್ತದೆ. ದೋಣಿ ಹಾಗಲ್ಲ, ಹೆಚ್ಚುಕಡಿಮೆ ತನ್ನ ನಡುವಿನ ಮೇಲೆ ತಿರುಗುತ್ತದೆ. ಮೂತಿ ಬಲಕ್ಕೆ ಹೋದರೆ ಹಿಂಭಾಗ ಎಡಕ್ಕೆ ಬೀಸುತ್ತದೆ. ಅಗಲ 6 ಅಡಿ 10 ಇಂಚು, ಉದ್ದ 57 ಅಡಿ ಇದ್ದರೆ ಆ ಬೀಸು ಸಣ್ಣದೇನಲ್ಲ. ಹಾಗಾಗಿ ಸೇತುವೆಗೆ ಬಹಳ ಮೊದಲೇ ದೋಣಿಯನ್ನು ನೇರ ಮಾಡಿಕೊಳ್ಳಿ. ಆಚೆ ತಿರುವಿದ್ದರೂ ಹಿಂಭಾಗ ಪೂರ್ತಿ ಹೊರಬರುವ ತನಕ ಟಿಲ್ಲರ್ ಜೋರಾಗಿ ತಳ್ಳಬೇಡಿ.

ಇನ್ನೊಂದು ಕಾರಣ ಗಾಬರಿ. ಗುದ್ದುತ್ತೇವೆ ಅನ್ನಿಸಿದ ಕೂಡಲೇ ಥ್ರಾಟಲ್ ಇಳಿಸಿ ನ್ಯೂಟ್ರಲ್‌ಗೆ ಹಾಕುತ್ತಾರೆ. ಪ್ರೊಪೆಲ್ಲರ್ ತಳ್ಳಿದ ನೀರು ಚುಕ್ಕಾಣಿಗೆ ಬಡಿದಾಗಲೇ ದೋಣಿ ಚೆನ್ನಾಗಿ ತಿರುಗುವುದು. ನೀರು ನಿಂತರೆ ಟಿಲ್ಲರ್ ಬರೀ ಕೋಲು! ವೇಗವನ್ನು ಮುಂಚೆಯೇ ಇಳಿಸಿ, ಸೇತುವೆಯಡಿ ಸ್ವಲ್ಪ ಥ್ರಾಟಲ್ ಉಳಿಸಿಕೊಳ್ಳಿ. ಬಿಗಿ ತಿರುವಿನಲ್ಲಿ ಟಿಲ್ಲರ್ ಪೂರ್ತಿ ತಳ್ಳಿ, ಒಂದೆರಡು ಸೆಕೆಂಡ್ ಥ್ರಾಟಲ್ ಏರಿಸಿ ಇಳಿಸಿ. ವೇಗ ಹೆಚ್ಚುವ ಮೊದಲೇ ಮೂತಿ ತಿರುಗಿರುತ್ತದೆ.

ಎದುರು ದೋಣಿ ಬಂದರೆ ಬಲಕ್ಕೆ ಸರಿಯುವುದು ನಿಯಮ, ಆದರೆ ತೀರಾ ಮೊದಲೇ ಅಂಚಿಗೆ ಹೋಗಬಾರದು. ಆಳ ಇರುವುದು ನಡುವಿನಲ್ಲಿ, ಅಂಚಿನಲ್ಲಿ ಹೂಳು. ನಿಧಾನಿಸಿ, ಹತ್ತಿರ ಬಂದ ಮೇಲೆ ಬೇಕಾದಷ್ಟೇ ಸರಿಯಿರಿ. ಮೂತಿಗಳು ದಾಟುತ್ತಿದ್ದಂತೆ ಟಿಲ್ಲರನ್ನು ತುಸು ಬಲಕ್ಕೆ ತಂದರೆ ದೋಣಿ ನೇರವಾಗುತ್ತದೆ, ಹಿಂಭಾಗವೂ ಅವರಿಂದ ದೂರ ಸರಿಯುತ್ತದೆ.

ಮಿತಿ ಸಾಮಾನ್ಯವಾಗಿ ಗಂಟೆಗೆ 4 ಮೈಲಿ. ದಡದಲ್ಲಿ ಅಲೆ ಒಡೆಯುತ್ತಿದ್ದರೆ ಅದೂ ಹೆಚ್ಚೇ. ಕಟ್ಟಿದ ದೋಣಿಗಳ ಪಕ್ಕದಲ್ಲಿ ಎಂಜಿನ್ ಬರೀ ಗುನುಗುವಷ್ಟು ಸಾಕು.

ಹೂಳಿಗೆ ಸಿಕ್ಕಿದರೆ ಮುಂದಕ್ಕೆ ಥ್ರಾಟಲ್ ಕೊಡಬೇಡಿ, ಇನ್ನಷ್ಟು ಹೂತುಕೊಳ್ಳುತ್ತದೆ. ಜನರನ್ನು ಆಳದ ಬದಿಗೆ ಕಳಿಸಿ, ಮೆಲ್ಲಗೆ ರಿವರ್ಸ್ ಕೊಡಿ, ಸಾಲದಿದ್ದರೆ ಗಳದಿಂದ ನೂಕಿ. ರಿವರ್ಸ್‌ನಲ್ಲಿ ಚುಕ್ಕಾಣಿ ಹೆಚ್ಚುಕಡಿಮೆ ಮಾತು ಕೇಳುವುದಿಲ್ಲ. ದಿಕ್ಕು ತಪ್ಪಿದರೆ ಕ್ಷಣ ಮುಂದಕ್ಕೆ ಹಾಕಿ ಸರಿಮಾಡಿ, ಮತ್ತೆ ಹಿಂದಕ್ಕೆ ಬನ್ನಿ. ಆಗ ಟಿಲ್ಲರ್ ಬೀಸುವ ಜಾಗದಲ್ಲಿ ಯಾರೂ ನಿಲ್ಲಕೂಡದು. ಚುಕ್ಕಾಣಿ ತಳಕ್ಕೆ ತಾಗಿದರೆ ಟಿಲ್ಲರ್ ಒಮ್ಮೆಲೇ ಬೀಸಿ ಜನರನ್ನು ನೀರಿಗೆ, ತಿರುಗುತ್ತಿರುವ ಪ್ರೊಪೆಲ್ಲರಿನ ಬಳಿಗೇ ಎಸೆಯಬಲ್ಲದು.